ಮಾತ್ರೆಯ ಚೀಲವನ್ನು ನೋಡುವವರು ಯಾರು?

ನಮ್ಮ ಹಲವು ಮನೆಗಳಲ್ಲಿ ಹಿರಿಯರ ಹಾಸಿಗೆಯ ಪಕ್ಕ ಮಾತ್ರೆಗಳ ಚೀಲವೊಂದಿರುತ್ತದೆ. ಸಕ್ಕರೆ ಕಾಯಿಲೆಗೆ ಒಬ್ಬ ವೈದ್ಯರು ಬರೆದದ್ದು, ರಕ್ತದೊತ್ತಡಕ್ಕೆ ಇನ್ನೊಬ್ಬರು ಬರೆದದ್ದು, ಮಂಡಿನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದದ್ದು ಎಲ್ಲವೂ ಅದರಲ್ಲಿ. ಒಂದೇ ಔಷಧಿ ಎರಡು ಕಂಪೆನಿಗಳ ಹೆಸರಿನಲ್ಲಿದ್ದರೆ ಎರಡನ್ನೂ ನುಂಗುವವರಿದ್ದಾರೆ. ಕೆಲವು ನೋವಿನ ಮಾತ್ರೆಗಳು ರಕ್ತದೊತ್ತಡ ಏರಿಸಿ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು. ಪ್ರತಿಯೊಬ್ಬ ವೈದ್ಯರಿಗೂ ತಾವು ಬರೆದ ಚೀಟಿ ಗೊತ್ತು. ಆದರೆ ಇಡೀ ಚೀಲವನ್ನು ನೋಡುವವರು ಯಾರು?

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಆಶ್‌ವಿಲ್ ನಗರದಲ್ಲಿ 1996ರಲ್ಲಿ ಇದಕ್ಕೊಂದು ದಾರಿ ಹುಡುಕುವ ಯೋಜನೆ ಆರಂಭವಾಯಿತು. ನಗರಾಡಳಿತ, ಆಸ್ಪತ್ರೆ, ವೈದ್ಯರು, ಔಷಧಿ ಅಂಗಡಿಯವರು ಕೈಜೋಡಿಸಿದರು. ಮಧುಮೇಹವಿದ್ದ ನೌಕರರು ತರಬೇತಿ ಪಡೆದ ಫಾರ್ಮಾಸಿಸ್ಟರನ್ನು ನಿಯಮಿತವಾಗಿ ಭೇಟಿಯಾಗುತ್ತಿದ್ದರು. ಅವರು ಮಾತ್ರೆಗಳನ್ನು ಪರಿಶೀಲಿಸಿ, ಸಕ್ಕರೆ ಅಳೆಯುವುದನ್ನು ಕಲಿಸಿ, ಅಗತ್ಯವಿದ್ದರೆ ವೈದ್ಯರಿಗೆ ತಿಳಿಸುತ್ತಿದ್ದರು. ಐದು ವರ್ಷಗಳವರೆಗಿನ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಔಷಧಿಯ ಖರ್ಚು ಏರಿತ್ತು. ಆದರೆ ಒಟ್ಟು ಚಿಕಿತ್ಸೆಯ ಖರ್ಚು ಇಳಿದಿತ್ತು. ಹೆಚ್ಚಿನವರ ಸಕ್ಕರೆ ಮೊದಲಿಗಿಂತ ಹತೋಟಿಗೆ ಬಂದಿತ್ತು, ಅನಾರೋಗ್ಯದ ರಜೆಗಳು ಕಡಿಮೆಯಾಗಿದ್ದವು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲವೆಂಬುದು ಈ ಅಧ್ಯಯನದ ಮಿತಿ. ಆದರೂ ಬೇರೆ ಊರುಗಳು ಇದನ್ನು ಮಾದರಿಯಾಗಿ ತೆಗೆದುಕೊಂಡವು.

ನಮ್ಮಲ್ಲೂ ಇದು ಹೊಸ ಮಾತಲ್ಲ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಫಾರ್ಮಾಸಿಸ್ಟರನ್ನು ರೋಗಿಯ ಹಾಸಿಗೆಯ ಬಳಿಗೆ ಕರೆತರುವ ಶಿಕ್ಷಣ ಆರಂಭಿಸಿತು. 2008ರಲ್ಲಿ ದೇಶದಲ್ಲಿ ಫಾರ್ಮ್ ಡಿ ಪದವಿ ಶಿಕ್ಷಣವೂ ಬಂತು. ತಪ್ಪು ಔಷಧಿ ಬಳಕೆಯಿಂದಾಗುವ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕರೆ ಕೊಟ್ಟಿತು.

ನಮ್ಮ ಶರೀರ ಅಲ್ಲಾಹನು ಒಪ್ಪಿಸಿದ ಅಮಾನತ್. ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯುವಂತೆ ಬೋಧಿಸಿದ್ದಾರೆ. ತವಕ್ಕುಲ್ ಎಂದರೆ ಪ್ರಯತ್ನ ಬಿಟ್ಟು ಕೂರುವುದಲ್ಲ. ಆದ್ದರಿಂದ ಸಹೋದರಿಯರೇ, ಮುಂದಿನ ಸಲ ಅತ್ತೆಯನ್ನೋ ಉಮ್ಮನನ್ನೋ ಆಸ್ಪತ್ರೆಗೆ ಕರೆದೊಯ್ಯುವಾಗ ಚೀಟಿಯನ್ನಷ್ಟೇ ಅಲ್ಲ, ಇಡೀ ಚೀಲವನ್ನೇ ಒಯ್ಯಿರಿ. ಮನೆಮದ್ದು, ಯುನಾನಿ, ಆಯುರ್ವೇದದ ಔಷಧಿಗಳನ್ನೂ ಮುಚ್ಚಿಡಬೇಡಿ. ಆಸ್ಪತ್ರೆಯಿಂದ ಮರಳುವಾಗ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕೆಂದು ಬರೆಸಿಕೊಳ್ಳಿ. ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕೇಳಿ. ಉಪವಾಸಕ್ಕೆಂದು ಮಾತ್ರೆಯ ಸಮಯವನ್ನೂ ಪ್ರಮಾಣವನ್ನೂ ನಾವೇ ಬದಲಿಸುವುದು ಬೇಡ. ಶಿಫಾ ನೀಡುವವನು ಅಲ್ಲಾಹನು; ವಿಚಾರಿಸಿ ಔಷಧಿ ಸೇವಿಸುವುದು ನಮ್ಮ ಹೊಣೆ.