ಊರಿಗೆಲ್ಲ ಒಂದೇ ಬೀಜ ಬ್ಯಾಡ



ಗೋವಿನಜೋಳ ಇಪ್ಪತ್ತು ದಿನದ್ದಾಗೂದ್ರಾಗ ಸುಳಿ ಬಿಡಿಸಿ ನೋಡಿದರ ಕಟ್ಟಿಗಿ ಪುಡಿ ಹಂಗ ಹಿಕ್ಕಿ, ಒಳಗ ಲದ್ದಿ ಹುಳ. ಈ ಹುಳ ದೇಶದಾಗ ಮೊದಲು ಗುರುತಾದದ್ದು ನಮ್ಮ ಪಕ್ಕದ ಶಿವಮೊಗ್ಗದಾಗ, 2018ರ ಮೇ ತಿಂಗಳು. ಅವತ್ತಿನಿಂದ ನಾವು ಮಾತಾಡೂದು ಬರೇ ಎಣ್ಣಿ ಬಗ್ಗೆ. ಬೀಜದ ಬಗ್ಗೆ ಯಾರೂ ಮಾತಾಡೂದಿಲ್ಲ. ನನ್ನ ತಕರಾರು ಇದೇ.

ಹೈಬ್ರಿಡ್ ಚೀಲದಾಗಿನ ಬೀಜ ಎಲ್ಲಾ ಒಂದೇ ಅವ್ವ-ಅಪ್ಪನ ಮಕ್ಕಳು, ಹೆಚ್ಚು ಕಡಿಮಿ ಅವಳಿ-ಜವಳಿ ಇದ್ದಂಗ. ಎತ್ತರ ಒಂದೇ, ತೆನಿ ಒಂದೇ. ಅದು ನಮಗ ಚೊಲೊ. ಆದರ ಒಂದು ಗಿಡದ ಎಲಿ ಮೆತ್ತಗಿದ್ದರ ಎಲ್ಲಾ ಗಿಡದ್ದೂ ಮೆತ್ತಗ. ಹುಳಕ್ಕ ಒಂದು ಗಿಡ ರುಚಿಸಿದರ ಇಡೀ ಹೊಲಾನೇ ರುಚಿಸಿದಂಗ.

ತಳಿಯಿಂದ ತಳಿಗೆ ಫರಕ್ ಐತಿ ಅನ್ನೂದು ಹೊಸ ಮಾತಲ್ಲ. ಎಲಿ ಮ್ಯಾಲೆ ಕೂದಲಿರೋ ಹತ್ತಿಗೆ ಹಸಿರು ಜಿಗಿಹುಳದ ಕಾಟ ಕಡಿಮಿ, ನುಣುಪು ಎಲಿಗೆ ಜಾಸ್ತಿ. ಗೋವಿನಜೋಳದಾಗೂ ಲದ್ದಿ ಹುಳ ತಡಕೊಳ್ಳೋ ಮೂರು ಹೈಬ್ರಿಡ್‌ಗಳನ್ನ ಸಿಮ್ಮಿಟ್ ಸಂಸ್ಥೆಯವರು 2020ರಾಗ ಆಫ್ರಿಕಾದ ರೈತರಿಗೆ ಅಂತ ಪ್ರಕಟಿಸಿದರು. ಒಂದೇ ಮೂಲ ನಂಬಿದರ ಏನಾಗ್ತದ ಅನ್ನೂದಕ್ಕ 1970ರ ಅಮೆರಿಕ ನೋಡ್ರಿ. ಬಹುಪಾಲು ಹೈಬ್ರಿಡ್‌ಗಳಿಗೆ ತಾಯಿ ಕಡೆ ಒಂದೇ ಗುಣ ಇತ್ತು, ಎಲಿ ಅಂಗಮಾರಿ ಬಂದು ದೇಶದ ಬೆಳಿಯಾಗ ಸುಮಾರು ಶೇ 15 ಹೋತು. ಅದು ಹುಳ ಅಲ್ಲ, ರೋಗ. ಪಾಠ ಮಾತ್ರ ಒಂದೇ.

"ಬ್ಯಾರೆ ಬ್ಯಾರೆ ಬೀಜ ಹಾಕಿದರ ಹುಳ ಬರೂದಿಲ್ಲೇನು?" ಅಂತ ಕೇಳ್ತೀರಿ. ಬರ್ತದ. ಸುಳಿಗೆ ಎಣ್ಣಿ ಬಿಡೂದು ಪೂರಾ ತಪ್ಪೂದಿಲ್ಲ. ಆದರ ಎಲ್ಲಾರ ಹೊಲ ಒಂದೇ ಸಲಕ್ಕ ಕೈಕೊಡೂದು ತಪ್ಪಬಹುದು. ಯಾವ ತಳಿ ನಮ್ಮ ಮಣ್ಣಾಗ ತಡೀತದ ಅನ್ನೂದೂ ನಮಗ ಗೊತ್ತಾಗ್ತದ. ಈಗ ಅದನ್ನ ಅಂಗಡಿಯವರು ಹೇಳ್ತಾರ, ನಾವು ಕೇಳ್ತೀವಿ.

ಅದಕ್ಕ ಈ ಮುಂಗಾರಿಗೆ ಮೂರು ಮಾತು. ಬಿತ್ತೂದು ಎಲ್ಲಾರೂ ಒಂದೇ ವಾರದಾಗ, ಹಿಂದ-ಮುಂದ ಆದರ ಹುಳಕ್ಕ ಸದಾ ಎಳೀ ಸುಳಿ ಸಿಗ್ತದ. ಬೀಜ ಮಾತ್ರ ಎರಡು-ಮೂರು ತಳಿ, ನಡುವ ತೊಗರಿ ಸಾಲು. ಇಪ್ಪತ್ತನೇ ದಿನ ಪ್ರತಿ ತಳಿಯಾಗ ನೂರು ಗಿಡ ಎಣಿಸಿ, ಎಷ್ಟು ಸುಳಿ ತಿಂದೈತಿ ಬರದಿಡ್ರಿ.

ನಿಮ್ಮ ಲೆಕ್ಕ ಇಲ್ಲೇ ಕೆಳಗ ಹಾಕ್ರಿ, ತಳಿ ಹೆಸರು ಸಮೇತ. ಮುಂದಿನ ವರ್ಷ ಬೀಜ ಆರಿಸೂದು ಅಂಗಡಿ ಕಟ್ಟಿ ಮ್ಯಾಲೆ ಅಲ್ಲ, ನಮ್ಮ ಹೊಲದಾಗ ಆಗಲಿ.