ರೈನ್ ನದಿಯ ಎರಡು ದಡಗಳು

ನಮ್ಮ ಕಾಸರಗೋಡಿನ ಕಡೆ ಧನುರ್ಮಾಸವೆಂದರೆ ತಿರುಗಾಟಕ್ಕೆ ಹದವಾದ ಕಾಲ. ಜರ್ಮನಿಯಲ್ಲಿ ಹಾಗಲ್ಲ. ಡಿಸೆಂಬರಿನಲ್ಲಿ ಇಲ್ಲಿ ಹಗಲಾಗುವುದು ಬೆಳಿಗ್ಗೆ ಎಂಟರ ಸುಮಾರಿಗೆ; ಸಂಜೆ ಐದಕ್ಕೆಲ್ಲ ಇರುಳು. ನಡುವಿನ ಹೊತ್ತಿನಲ್ಲಿಯೂ ಸೂರ್ಯನು ಮುಖ ತೋರಿಸಿದರೆ ಅದೇ ಭಾಗ್ಯ. ಇಂತಹ ದಿನಗಳಲ್ಲಿ ಶನಿವಾರ ಭಾನುವಾರಗಳನ್ನು ಹೊದಿಕೆಯೊಳಗೆ ಕಳೆಯುವುದೇ ನನ್ನ ಅಭ್ಯಾಸ. ಆದರೆ ಕಳೆದ ಡಿಸೆಂಬರಿನಲ್ಲಿ ಕಾರ್ಲ್ಸ್‌ರೂಹೆಯ ನನ್ನ ಸಹೋದ್ಯೋಗಿ ಮಿತ್ರನು ಬಿಡಲಿಲ್ಲ. ಅವನು ಫ್ರಾನ್ಸಿನ ಆಲ್ಸೇಸ್ ಪ್ರಾಂತದವನು. "ನೀನೂ ಗಡಿಯವನು, ನಾನೂ ಗಡಿಯವನು. ಒಮ್ಮೆ ನಮ್ಮ ಗಡಿಯನ್ನು ಬಂದು ನೋಡು" ಎಂದ. ಆ ಮಾತಿಗೆ ಇಲ್ಲವೆನ್ನಲಾಗಲಿಲ್ಲ. ಮನೆಯಾಕೆಗೂ ಮಗಳಿಗೂ ಬೇರೆ ಕೆಲಸಗಳಿದ್ದುದರಿಂದ ನಾವಿಬ್ಬರೇ ಹೊರಟೆವು.

ರೈಲಿನಲ್ಲಿ ಕೇಲ್ ಎಂಬ ಊರಿನವರೆಗೆ ಹೋಗಿ ಇಳಿದೆವು. ಅದು ಜರ್ಮನಿಯ ಕೊನೆಯ ಊರು. ಅಲ್ಲಿಂದ ನದಿಯ ಆಚೆಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರ. 2017ರಿಂದ ಟ್ರಾಮ್ ಗಾಡಿಯೇ ರೈನ್ ನದಿಯನ್ನು ದಾಟಿ ಎರಡು ದೇಶಗಳ ನಡುವೆ ಓಡಾಡುತ್ತಿದೆ. ಆದರೂ ನಡೆದೇ ದಾಟೋಣವೆಂದು ಮಿತ್ರನು 2004ರಲ್ಲಿ ಕಟ್ಟಿದ ಕಾಲುಸೇತುವೆಗೆ ಕರೆದೊಯ್ದ. ನದಿಯ ಮೇಲೆ ಮಂಜು ಹಾಸಿತ್ತು. ಗಾಳಿ ಕಿವಿಯನ್ನು ಕತ್ತರಿಸುವಂತಿತ್ತು. ಸೇತುವೆಯ ಮಧ್ಯದಲ್ಲಿ ನಿಂತು, "ಇಲ್ಲಿ ಒಂದು ಹೆಜ್ಜೆ ಇಟ್ಟರೆ ಫ್ರಾನ್ಸ್" ಎಂದ ಮಿತ್ರ. ಹೆಜ್ಜೆಯಿಟ್ಟೆ. ಯಾರೂ ತಡೆಯಲಿಲ್ಲ, ಏನನ್ನೂ ಕೇಳಲಿಲ್ಲ.

ಆದರೆ ಈ ಸೇತುವೆಯೂ ಒಮ್ಮೆ ಮುಚ್ಚಿತ್ತಂತೆ. 2020ರ ಮಾರ್ಚಿನಲ್ಲಿ ಕೊರೋನಾ ಹಬ್ಬಿದಾಗ ಟ್ರಾಮ್ ನಿಂತು, ಸೇತುವೆಗೆ ತಡೆ ಬಿದ್ದು, ಒಂದೇ ಕುಟುಂಬದವರು ಎರಡು ದಡಗಳಲ್ಲಿ ಉಳಿದರು. ಅದನ್ನು ಕೇಳುವಾಗ ನನ್ನ ಕಣ್ಣೆದುರು ನಿಂತದ್ದು ತಲಪಾಡಿ. ಅದೇ ತಿಂಗಳಲ್ಲಿ ನಮ್ಮ ಗಡಿಯ ರಸ್ತೆಗಳಿಗೂ ಮಣ್ಣು ಸುರಿದಿದ್ದರಷ್ಟೆ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮ ಜನ ಆಂಬ್ಯುಲೆನ್ಸಿನಲ್ಲಿ ಕುಳಿತು ಅಂಗಲಾಚಿದ್ದನ್ನು ವಾಚಕರು ಮರೆತಿರಲಾರರು. ಗಡಿಯೆಂಬುದು ಸುಖದ ದಿನಗಳಲ್ಲಿ ಕಾಣಿಸುವುದಿಲ್ಲ. ಕಷ್ಟ ಬಂದಾಗ ಎದ್ದು ನಿಲ್ಲುತ್ತದೆ. ಇದನ್ನು ಮಿತ್ರನಿಗೆ ವಿವರಿಸಬೇಕಾಗಿ ಬರಲಿಲ್ಲ.

ಸ್ಟ್ರಾಸ್‌ಬರ್ಗಿನ ಮಹಾ ಇಗರ್ಜಿಯನ್ನು ದೂರದಿಂದಲೇ ಕಾಣಬಹುದು. ವೋಜ್ ಪರ್ವತದ ಕೆಂಪುಛಾಯೆಯ ಮರಳುಗಲ್ಲಿನಿಂದ ಕಟ್ಟಿದ ಈ ದೇವಾಲಯಕ್ಕೆ ಒಂದೇ ಗೋಪುರ. ಜೊತೆಯ ಇನ್ನೊಂದು ಮೇಲೇಳಲೇ ಇಲ್ಲ. 1439ರಲ್ಲಿ ಮುಗಿದ ಆ ಗೋಪುರದ ಎತ್ತರ 142 ಮೀಟರು. 1647ರಿಂದ 1874ರವರೆಗೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ಒಳಗೆ 1843ರಲ್ಲಿ ಹೊಸ ಯಂತ್ರ ಪಡೆದ ಖಗೋಳ ಗಡಿಯಾರವಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಅದರಲ್ಲಿ ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಸಾಗುತ್ತಾರೆ. ಕೋಳಿಹುಂಜ ಮೂರು ಸಲ ಕೂಗುತ್ತದೆ. ಇನ್ನೊಂದು ಸಾಲಿನಲ್ಲಿ ಮಗು, ತರುಣ, ಪ್ರೌಢ, ಮುದುಕ ಈ ನಾಲ್ವರು ಕಾಲು ಗಂಟೆಗೊಬ್ಬರಂತೆ ಮೃತ್ಯುವಿನ ಮುಂದೆ ಹಾದುಹೋಗುತ್ತಾರೆ. ಸುತ್ತಲಿದ್ದ ಮಕ್ಕಳು ಕೋಳಿಯನ್ನು ಕಂಡು ನಕ್ಕರು. ನಾವು ಮುದುಕನನ್ನು ನೋಡುತ್ತಿದ್ದೆವು.

ಹೊರಗೆ ಕ್ರಿಸ್‌ಮಸ್ ಸಂತೆಯ ಗದ್ದಲ. 1570ರಿಂದ ನಡೆದುಬಂದ ಸಂತೆಯಿದು. ಮರದ ಪುಟ್ಟ ಅಂಗಡಿಗಳು, ದೀಪಗಳು, ಮಸಾಲೆ ಹಾಕಿ ಕುದಿಸಿದ ದ್ರಾಕ್ಷಾರಸದ ಹಬೆ, ಬಗೆಬಗೆಯ ಬಿಸ್ಕತ್ತುಗಳು. ಸಂತೆಯನ್ನು ಸುತ್ತಿ ಮುಂದೆ ಹೋಗುವಾಗ ಬೀದಿಯ ಹೆಸರಿನ ಫಲಕಗಳನ್ನು ಗಮನಿಸಿದೆ. ಮೇಲೆ ಫ್ರೆಂಚ್, ಕೆಳಗೆ ಆಲ್ಸೇಸಿನ ಆಡುನುಡಿ. ಅದು ಜರ್ಮನ್ ಕುಲದ ಭಾಷೆ. "ನೀನು ಇದನ್ನು ಆಡುತ್ತೀಯಾ?" ಎಂದು ಕೇಳಿದೆ. "ಫಲಕವನ್ನು ಓದಬಲ್ಲೆ" ಎಂದಷ್ಟೇ ಹೇಳಿ ಮಿತ್ರನು ಮುಂದೆ ನಡೆದ.

ಮಬ್ಬುಗತ್ತಲಾಗುತ್ತಿರುವಾಗ ಅವನು ನನ್ನನ್ನು ಗಣರಾಜ್ಯ ಚೌಕದ ಸ್ಮಾರಕದ ಮುಂದೆ ನಿಲ್ಲಿಸಿದ. 1936ರಲ್ಲಿ ನಿಲ್ಲಿಸಿದ ಶಿಲ್ಪವದು. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಮಕ್ಕಳನ್ನು ಮಡಿಲಲ್ಲಿ ಹಿಡಿದಿದ್ದಾಳೆ. ಮಕ್ಕಳ ಮೈಮೇಲೆ ಸಮವಸ್ತ್ರವಿಲ್ಲ. ಒಬ್ಬನು ಫ್ರಾನ್ಸಿನ ಪರವಾಗಿ ಮಡಿದವನು, ಇನ್ನೊಬ್ಬನು ಜರ್ಮನಿಯ ಪರವಾಗಿ; ಬಟ್ಟೆ ತೊಡಿಸಿದರೆ ಯಾವನು ಯಾರೆಂದು ತಿಳಿದುಬಿಡುತ್ತದೆ. ಬೇರೆ ಊರಿನ ಸ್ಮಾರಕಗಳಲ್ಲಿ ತಾಯ್ನಾಡಿಗಾಗಿ ಮಡಿದವರಿಗೆ ಎಂದು ಬರೆದಿದ್ದರೆ ಇಲ್ಲಿ ಕೇವಲ "ನಮ್ಮ ಮೃತರಿಗೆ" ಎಂದಿದೆ. ಯಾವ ತಾಯ್ನಾಡು ಎಂದು ಬರೆಯುವುದು? ಆಲ್ಸೇಸ್ 1871ರಲ್ಲಿ ಜರ್ಮನಿಗೆ ಸೇರಿತು. 1918ರಲ್ಲಿ ಫ್ರಾನ್ಸಿಗೆ ಮರಳಿತು. 1940ರಲ್ಲಿ ಹಿಟ್ಲರನ ಕೈಗೆ ಸಿಕ್ಕಿತು. ಯುದ್ಧದ ಕೊನೆಯಲ್ಲಿ ಮತ್ತೆ ಫ್ರಾನ್ಸ್. ಮನೆಯಿಂದ ಕದಲದೆ ಒಬ್ಬ ಮನುಷ್ಯನು ನಾಲ್ಕು ಸಲ ದೇಶ ಬದಲಿಸಿದ ಕಥೆಯಿದು. ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಾಗ ನಮ್ಮ ಹಿರಿಯರು ಪಟ್ಟ ಸಂಕಟ ಸಣ್ಣದಲ್ಲ. ಆದರೂ ನಮ್ಮಲ್ಲಿ ತೋಪು ಹಾರಲಿಲ್ಲ, ದೇಶ ಬದಲಾಗಲಿಲ್ಲ ಎಂಬುದನ್ನು ಆ ತಾಯಿಯ ಮುಂದೆ ನಿಂತು ನೆನೆದೆ.

ಭಾನುವಾರ ಮಿತ್ರನ ಅಜ್ಜಿಯ ಮನೆಗೆ ಹೋದೆವು. ವೋಜ್ ಬೆಟ್ಟದ ತಪ್ಪಲಿನಲ್ಲಿ, ದ್ರಾಕ್ಷಿತೋಟಗಳ ನಡುವಿನ ಹಳ್ಳಿ. ಎಲೆಯುದುರಿದ ಬಳ್ಳಿಗಳ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಜ್ಜಿಗೆ ತೊಂಬತ್ತು ದಾಟಿದೆ. ಆ ಕಡೆ ಅಜ್ಜಿಯನ್ನು "ಮಾಮೆಮಾ" ಎನ್ನುತ್ತಾರೆ. ಮಿತ್ರನ ಬಾಯಲ್ಲಿ ನಾನು ಕೇಳಿದ ಆಲ್ಸೇಸ್ ನುಡಿಯ ಶಬ್ದ ಅದೊಂದೇ. ಆಕೆ ತನ್ನ ನುಡಿಯಲ್ಲಿ ಕೇಳುತ್ತಿದ್ದಳು. ಮೊಮ್ಮಗನು ಫ್ರೆಂಚಿನಲ್ಲಿ ಉತ್ತರಿಸುತ್ತಿದ್ದ. ಜರ್ಮನ್ ಬಲ್ಲ ನನಗೆ, ಆಕೆ ನಿಧಾನವಾಗಿ ಆಡಿದಾಗ, ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ತನ್ನ ಮಾತಿಗೆ ತನ್ನದೇ ಧಾಟಿಯಲ್ಲಿ ಮರುನುಡಿಯುವ ಪ್ರಯತ್ನವನ್ನು ಪರದೇಶದವನೊಬ್ಬನು ಮಾಡಿದ್ದಕ್ಕೆ ಅಜ್ಜಿಗೆ ಬಹಳ ಸಂತೋಷವಾಯಿತು.

ಆಕೆಯ ಒಂದನೆಯ ತರಗತಿ ಫ್ರೆಂಚಿನಲ್ಲಿ ನಡೆಯಿತಂತೆ. 1940ರ ಬಳಿಕ ಶಾಲೆಯಲ್ಲಿ ಜರ್ಮನ್ ಮಾತ್ರ. ಫ್ರೆಂಚ್ ಆಡಿದರೆ ಶಿಕ್ಷೆ. ಮಕ್ಕಳ ಹೆಸರನ್ನೂ ಜರ್ಮನಿಗೆ ಹೊಂದಿಸಿ ತಿದ್ದಿದರು. 1945ರ ನಂತರ ಪುನಃ ಫ್ರೆಂಚ್. ಈಗ ಮನೆಮಾತು ಆಡಿದರೆ ಶಿಕ್ಷೆ. ಗೋಡೆಯಲ್ಲಿ ಆಕೆಯ ಅಣ್ಣನ ಭಾವಚಿತ್ರವಿತ್ತು. 1942ರಿಂದ ಆಲ್ಸೇಸ್ ಮತ್ತು ಮೊಸೆಲ್ ಜಿಲ್ಲೆಗಳಿಂದ ಸುಮಾರು 1,30,000 ಮಂದಿಯನ್ನು ಬಲಾತ್ಕಾರವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸಿದ್ದರು. ಆ ಅಣ್ಣ ರಷ್ಯದ ಕಡೆಗೆ ಹೋದವನು ಹಿಂದಿರುಗಲಿಲ್ಲ. ಚಿತ್ರದಲ್ಲಿ ಅವನು ಹಬ್ಬದ ಅಂಗಿ ತೊಟ್ಟಿದ್ದ. ಸಮವಸ್ತ್ರದ ಚಿತ್ರವನ್ನು ಅಮ್ಮ ಸುಟ್ಟಳು ಎಂದಳು ಅಜ್ಜಿ.

"ನಿಮ್ಮ ಮಗನಿಗೆ ಈ ಮಾತನ್ನು ಕಲಿಸಲಿಲ್ಲವೆ?" ಎಂದು ಸಂಕೋಚದಿಂದಲೇ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಶಾಲೆಯಲ್ಲಿ ಹಿಂದೆ ಬಿದ್ದಾನು ಎಂದು ನಾನೇ ಆಡಲಿಲ್ಲ. ಯಾರೂ ನಮ್ಮ ಮನೆಗೆ ಬಂದು ಬಾಯಿ ಕಟ್ಟಲಿಲ್ಲ. ಅಡಿಗೆಮನೆಯೊಳಗೆ ನಾನೇ ಕಟ್ಟಿದೆ" ಎಂದಳು.

ಆ ಮನೆಯಲ್ಲಿ ನಡೆದದ್ದೇ ನಾಡಿನಲ್ಲಿಯೂ ನಡೆದಿದೆ. 2012ರ ಸಮೀಕ್ಷೆಯಲ್ಲಿ ಅರುವತ್ತು ದಾಟಿದವರ ಪೈಕಿ ನೂರಕ್ಕೆ 74 ಮಂದಿ ಆಲ್ಸೇಸ್ ನುಡಿಯನ್ನು ಬಲ್ಲವರಾಗಿದ್ದರು; ಮೂರರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 3 ಮಾತ್ರ. ವಿಚಿತ್ರವೆಂದರೆ, ಯುರೋಪಿನ ಅಲ್ಪಸಂಖ್ಯಾತ ಭಾಷೆಗಳನ್ನು ಕಾಪಾಡುವ ಒಪ್ಪಂದ 1992ರಲ್ಲಿ ಸಹಿಗೆ ತೆರೆದದ್ದು ಇದೇ ಸ್ಟ್ರಾಸ್‌ಬರ್ಗಿನಲ್ಲಿ. ಫ್ರಾನ್ಸ್ 1999ರಲ್ಲಿ ಸಹಿ ಹಾಕಿತಾದರೂ ಅದನ್ನು ಸ್ಥಿರೀಕರಿಸಲಿಲ್ಲ. ಹಾಗೆಂದು ಎಲ್ಲವೂ ಮುಗಿದಿಲ್ಲ. 1990ರ ದಶಕದಿಂದ ಪೋಷಕರೇ ಮುಂದಾಗಿ ದ್ವಿಭಾಷಾ ತರಗತಿಗಳನ್ನು ತೆರೆದಿದ್ದಾರೆ.

ಹೊರಡುವಾಗ ಅಜ್ಜಿ ಒಂದು ಡಬ್ಬಿಯ ತುಂಬ "ಬ್ರೆಡೆಲೆ" ಕೊಟ್ಟಳು. ಕ್ರಿಸ್‌ಮಸ್ಸಿಗೆ ಮನೆಮನೆಯಲ್ಲಿ ಮಾಡುವ ಪುಟ್ಟ ಬಿಸ್ಕತ್ತುಗಳಿವು. ಒಂದು ಬಗೆಯದರಲ್ಲಿ ನಮ್ಮ ಸೋಂಪಿನದೇ ಪರಿಮಳ.

ವಾಚಕರಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಏಳು ವರ್ಷದ ಮಗಳು ಊರಿನಿಂದ ನನ್ನ ತಾಯಿ ಫೋನ್ ಮಾಡಿ "ಊಟ ಆಯಿತಾ ಪುಟ್ಟಿ?" ಎಂದರೆ ಜರ್ಮನಿನಲ್ಲಿ ಹೂಂಗುಟ್ಟುತ್ತಾಳೆ. ನಾನು ನಡುವೆ ನುಗ್ಗಿ ಅನುವಾದಿಸುತ್ತೇನೆ. ಮಗುವಿಗೆ ಎಲ್ಲ ಅರ್ಥವಾಗುತ್ತದೆ, ಅಷ್ಟು ಸಾಕು ಎಂದು ಸಮಾಧಾನ ಹೇಳಿಕೊಂಡಿದ್ದೆ. ಮಿತ್ರನಿಗೂ ಎಲ್ಲ ಅರ್ಥವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ, ಶಾಲೆಗೆ ಹೊರಡುವ ಮೊದಲು, ಮಗಳ ಕೈಗೆ ಒಂದು ಬಿಸ್ಕತ್ತು ಕೊಟ್ಟು ಊರಿಗೆ ಫೋನ್ ಹಚ್ಚಿದೆ. ಈ ಸಲ ಬಾಯಿ ಹಾಕಬಾರದೆಂದು ನಿಶ್ಚಯಿಸಿ ಪಕ್ಕದಲ್ಲಿ ಕುಳಿತೆ. ತಾಯಿ ಕೇಳಿದರು, "ಏನು ತಿನ್ನುತ್ತಾ ಇದ್ದೀ ಪುಟ್ಟಿ?" ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಸ್ವಲ್ಪ ಮೌನ. ಆಮೇಲೆ ತೊದಲುತ್ತ, "ಅಜ್ಜೀ... ಬಿಸ್ಕತ್ತು. ಅದರಲ್ಲಿ... ಸಣ್ಣ ಕಾಳು. ಊಟ ಆಗಿ ನೀವು ಕೊಡುವುದು" ಎಂದಳು.

"ಸೋಂಪು" ಎಂದರು ತಾಯಿ.

"ಸೋಂಪು" ಎಂದಳು ಮಗಳು.