ಕುಳಿತ ಎಂಜಿನ್ನಿಗೆ ಜೀವ ಕೊಡುವುದು ಅಪಚಾರವೆ?

ಹಳೆಯ ವಾಹನಗಳ ವಿಷಯದಲ್ಲಿ ನಮ್ಮಲ್ಲಿ ಈಗ ಎರಡು ಮತಗಳು ಹುಟ್ಟಿಕೊಂಡಿವೆ. ಒಂದು ಮತದವರಿಗೆ ಹಳೆಯದೆಲ್ಲ ದೇವರು. ಕಾರ್ಖಾನೆಯಿಂದ ಬಂದ ಒಂದು ತಿರುಪು ಬದಲಾದರೂ ಮೈಲಿಗೆ. ಇನ್ನೊಂದು ಮತದವರಿಗೆ ಹಳೆಯದೆಲ್ಲ ಬರಿಯ ಕಚ್ಚಾ ಸಾಮಗ್ರಿ. ಕೊಯ್ದು, ಕೊರೆದು, ಬೆಸೆದು, ಊರೆಲ್ಲ ಬೆಚ್ಚುವಂತೆ ಸದ್ದು ಮಾಡಿಸಿದರೆ ಅದೇ ಪ್ರಗತಿ. ಈ ಎರಡಕ್ಕೂ ಸೇರದ ನನ್ನಂಥವರ ಪಕ್ಷವನ್ನು ವಾಚಕರ ಮುಂದಿಡಬೇಕಾಗಿದೆ.

ಮಾನ್ವಿ ಜಗನ್ನಾಥದಾಸರ ಊರು. ಸ್ಪೋರ್ಟ್ಸ್ ಕಾರುಗಳ ಊರಲ್ಲ. ನಮ್ಮ ಭಾಗದ ತರುಣರ ಮನಸ್ಸಿನಲ್ಲಿ ಆ ಸ್ಥಾನ ಪಡೆದಿದ್ದುದು ಜಾವಾ ಮೋಟಾರ್ ಸೈಕಲ್ಲು. ಚೆಕೊಸ್ಲೊವಾಕಿಯದ ನಕ್ಷೆ, ಮೈಸೂರಿನ ಕೈಕೆಲಸ. ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಮೈಸೂರಿನಲ್ಲಿ ಗಾಡಿ ತಯಾರಿಸತೊಡಗಿತು. ೧೯೭೦ರ ದಶಕದಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಲಿವರೇ ಗೇರು ಹಾಕುವ ಲಿವರೂ ಆಗಿದ್ದುದು ಆ ಗಾಡಿಯ ಸೋಜಿಗ. ನಮ್ಮ ಕಾಕಾ ಬಿಟ್ಟುಹೋದ ಅಂಥದೊಂದು ೨೫೦ ಸಿ.ಸಿ. ಎಂಜಿನ್ನು ಮನೆಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುಳಿತಿತ್ತು.

ಓಡದ ಎಂಜಿನ್ನು ಕೆಡುವುದಿಲ್ಲ ಎಂಬುದು ದೊಡ್ಡ ಭ್ರಮೆ. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ. ಬೇರಿಂಗುಗಳು ನಿಂತಲ್ಲೇ ತುಕ್ಕು ತಿಂದು ಗುಳಿ ಬೀಳುತ್ತವೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ಒಣಗಿ ಚಕ್ಕಳವಾಗುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಈ ಸೀಲೇ ಪ್ರಾಣ. ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿನಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಸಿಲಿಂಡರಿಗೆ ಏರಬೇಕು. ಸೀಲು ಬಿರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಕಾವು ಹೆಚ್ಚುತ್ತದೆ, ಓಡುತ್ತಿರುವಾಗಲೇ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಸವಾರನ ಗತಿ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂಥ ಎಂಜಿನ್ನನ್ನು ತೋರಿಸಿದಾಗ ಪಟ್ಟಣದ ಒಬ್ಬ ಮೆಕ್ಯಾನಿಕರು, "ಬಿಚ್ಚುವುದೇತಕ್ಕೆ? ಹೊಳಪು ಕೊಟ್ಟು ಹಜಾರದಲ್ಲಿ ಇಡಿರಿ" ಎಂದರು. ಇನ್ನೊಬ್ಬರು ಸಿಲಿಂಡರಿನ ಪೋರ್ಟುಗಳನ್ನು ಅರೆದು ವೇಗ ಹೆಚ್ಚಿಸಿಕೊಡುವುದಾಗಿ ಆಸೆ ತೋರಿಸಿದರು. ಗುಜರಿಯವನು ತೂಕ ಕೇಳಿದ. ಮೂವರಿಗೂ ನಮಸ್ಕಾರ ಹೇಳಿ, ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬೇರ್ಪಡಿಸಿ ಹೊಸ ರಾಡು ಕೂಡಿಸುವ, ಮತ್ತೆ ಜೋಡಿಸಿ ಡಯಲ್ ಗೇಜಿನಲ್ಲಿ ನೇರ ನೋಡುವ ವಿದ್ಯೆ ಬಲ್ಲ ಮುದುಕರೊಬ್ಬರ ಕೈಗೆ ಒಪ್ಪಿಸಿದೆ. ಸಿಲಿಂಡರು ಬೋರಾಯಿತು, ಓವರ್‌ಸೈಜ್ ಪಿಸ್ಟನ್ನು ಕೂತಿತು. ಇಷ್ಟು ದುರಸ್ತಿ. ಸುಧಾರಣೆಯೆಂದರೆ, ಪಾಯಿಂಟು ಹಾಗೂ ೬ ವೋಲ್ಟಿನ ವ್ಯವಸ್ಥೆಯ ಬದಲು ೧೨ ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ನು, ಎಥನಾಲ್ ತಾಳುವ ಹೊಸ ಜಾತಿಯ ರಬ್ಬರಿನ ಸೀಲುಗಳು.

ಶುದ್ಧಿವಾದಿಗಳಿಗೆ ಇದೇ ಅಪಚಾರ. ನಾನು ಕೇಳುವುದಿಷ್ಟೆ: ಇಂದಿನ ಪೆಟ್ರೋಲು ೧೯೬೧ರ ಪೆಟ್ರೋಲೇ? ಶೇಕಡಾ ೨೦ ಎಥನಾಲ್ ಬೆರೆಸುವ ಗುರಿಯನ್ನು ದೇಶ ೨೦೨೫ರಲ್ಲಿ ಮುಟ್ಟಿತು. ಎಥನಾಲ್ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಳೆಯ ಜೆಟ್ಟಿನಲ್ಲಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಕುಡಿಸುವ ಹಾಲನ್ನೇ ಬದಲಾಯಿಸಿ, ಕೂಸಿನ ಹೊಟ್ಟೆ ಮಾತ್ರ ಹಿಂದಿನಂತೆಯೇ ಇರಲಿ ಎನ್ನುವುದು ಯಾವ ನ್ಯಾಯ?

ಕಾನೂನಿನ ಮಾತಿಗೆ ಬರೋಣ. ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದು ನಿಯಮ ಹೊರಡಿಸಿತು. ೫೦ ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಮೈಕಟ್ಟು, ಎಂಜಿನ್ನುಗಳ ಮಾರ್ಪಾಡೂ ಒಳಗೊಂಡಂತೆ ಗಣನೀಯ ಓವರ್‌ಹಾಲ್ ಆಗಿರಬಾರದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ. ಆಮೇಲೂ ದಿನನಿತ್ಯ ಓಡಿಸುವಂತಿಲ್ಲ. ಉದ್ದೇಶ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ದುರಸ್ತಿಯನ್ನೂ ವಿಕಾರವನ್ನೂ ಒಂದೇ ಗೋಣಿಯಲ್ಲಿ ತುಂಬುವ ಮಾತು ಅದು. ತುಕ್ಕು ತಿಂದ ಬೇರಿಂಗನ್ನು ತೆಗೆದವನೂ, ಚಾಸಿಯನ್ನು ಗರಗಸದಿಂದ ಕೊಯ್ದವನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆ?

"ತಿದ್ದಲು ಬಿಟ್ಟರೆ ಎಲ್ಲರೂ ಕೆಡಿಸಿಯಾರು" ಎಂಬ ಆಕ್ಷೇಪವುಂಟು. ಆ ಭಯ ಸುಳ್ಳಲ್ಲ. ಅದಕ್ಕೆ ಅಳತೆಗೋಲೂ ಇದೆ: ನಾಳೆ ಹಿಂದಕ್ಕೆ ಮರಳಿಸಬಹುದಾದುದು ಸುಧಾರಣೆ; ಮರಳಿಸಲಾಗದುದು ವಿಕಾರ. ಇಗ್ನಿಷನ್ನನ್ನು ಕಳಚಿ ಹಳೆಯ ಪಾಯಿಂಟನ್ನು ಮತ್ತೆ ಕೂಡಿಸಬಹುದು. ಅರೆದ ಪೋರ್ಟಿಗೆ ಲೋಹ ಮರಳಿ ಬರದು. ಬೋರು ಮರಳದು ನಿಜ. ಆದರೆ ಅದು ಸವೆತಕ್ಕೆ ಕಾರ್ಖಾನೆಯವರೇ ಒಪ್ಪಿದ ಚಿಕಿತ್ಸೆ, ಅದಕ್ಕೆಂದೇ ಓವರ್‌ಸೈಜ್ ಪಿಸ್ಟನ್ನು ಬಂದದ್ದು. ತೆಗೆದ ಭಾಗಗಳನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡಲಿ, ಮಾಡಿದ ಕೆಲಸವನ್ನು ವಹಿಯಲ್ಲಿ ಬರೆದಿಡಲಿ. ನಿಯಮವೂ ಈ ಭೇದವನ್ನು ಬಾಯಿಬಿಟ್ಟು ಹೇಳಲಿ.

ಇದು ಒಂದು ಗಾಡಿಯ ಪ್ರಶ್ನೆಯಲ್ಲ. ಕ್ರ್ಯಾಂಕನ್ನು ಕಿವಿಯಿಂದಲೇ ಪರೀಕ್ಷಿಸಬಲ್ಲ ಕೈಗಳು ನಮ್ಮ ಜಿಲ್ಲೆಯಲ್ಲಿ ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಬಿಚ್ಚಿ ಜೋಡಿಸುವ ಕೆಲಸವಿದ್ದರೆ ಆ ವಿದ್ಯೆ ಒಬ್ಬ ಹುಡುಗನಿಗಾದರೂ ದಾಟೀತು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಎಂಜಿನ್ನು ಯಾರಿಗೂ ಏನನ್ನೂ ಕಲಿಸದು.